ಮಾವನ ರೇಡಿಯೋದಲ್ಲಿ ನನ್ನ ಸ್ವರ

ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಎಲ್ಲೂರಿನಿಂದ ಕಾರ್ಕಳದವರೆಗೆ ಯಾವ ಸ್ಟಾಪಿನಲ್ಲಿ ಬೇಕಾದರೂ ಇಳಿದು ಕೇಳಿ: ಈ ದಾರಿಯ ಅತಿ ದೊಡ್ಡ ಸ್ವರ ಯಾರದ್ದು? ನನ್ನ ಹೆಸರು ಹೇಳದವನು ಒಂದೋ ಕಿವುಡ, ಇಲ್ಲವೇ ಎದುರು ಬಸ್ಸಿನ ಕಂಡಕ್ಟರ್. ನಮ್ಮ ಕೆಲಸದಲ್ಲಿ ತಮಾಷೆಗೆ ಬರ ಇಲ್ಲ. ಬೆಳಗಿನ ಮೊದಲ ಟ್ರಿಪ್ಪಿಗೆ ಒಂದು ಹತ್ತಿದರೆ ಸಂಜೆಯ ಕೊನೆಯ ಟ್ರಿಪ್ಪಿನಲ್ಲಿ ಇನ್ನೊಂದು ಇಳಿಯುತ್ತದೆ. ಆದರೆ ರೇಡಿಯೋದವರ ನಗೆ ಕಾರ್ಯಕ್ರಮಕ್ಕೆ ನಾನು ಹೋದದ್ದು, ಆಮೇಲೆ ಆದದ್ದು, ಅದೇ ಬೇರೆ. ಅದು ಸುಳ್ಳು ಅನ್ನುವವನು ಎದುರು ಬಂದು ಹೇಳಲಿ.

ಗಿಳಿ ಹೊಲಿದ ಗವಸು

ಮಂಗಳೂರಿಗೆ ರೇಡಿಯೋ ಕೇಂದ್ರ ಹೊಸತಾಗಿ ಬಂದಿದ್ದ ಕಾಲ. ನಮ್ಮ ಬೈಲಿಗೆಲ್ಲ ರೇಡಿಯೋ ಇದ್ದದ್ದು ನನ್ನ ಸೋದರಮಾವನ ಮನೆಯಲ್ಲಿ ಮಾತ್ರ. ಅದಕ್ಕೆ ಅತ್ತೆ ಹೊಲಿದ ಒಂದು ಗವಸು. ನೀಲಿ ಬಟ್ಟೆ, ಮುಂಭಾಗದಲ್ಲಿ ಎರಡು ಹಸಿರು ಗಿಳಿ, ಬದಿಯಲ್ಲಿ ಗುಂಡಿಗಳು. ನಮ್ಮ ಪೈಕಿ ಎಷ್ಟೋ ಜನರಿಗೆ ಅಂಥ ಅಂಗಿ ಇರಲಿಲ್ಲ.

ಮಾವ ರೇಡಿಯೋ ಹಾಕುವುದೆಂದರೆ ಪೂಜೆಗೆ ಕೂತ ಹಾಗೆ. ಕೈ ತೊಳೆಯಬೇಕು, ಗುಂಡಿ ಒಂದೊಂದಾಗಿ ಬಿಚ್ಚಬೇಕು, ಗವಸು ಮಡಚಿ ಅತ್ತೆಯ ಕೈಗೆ ಕೊಡಬೇಕು. ಕೇಳಲಿಕ್ಕೆ ಬಂದವರಿಗೆ ಜಾಗ ಜಗಲಿಯಲ್ಲಿ. ನನಗೆ ಜಾಗ ಅಂಗಳದಲ್ಲಿ, ಯಾಕೆಂದರೆ ನಾನು ಮಾತಾಡಿದರೆ ರೇಡಿಯೋ ಕೇಳುವುದಿಲ್ಲವಂತೆ. ಅದು ಮಾತ್ರ ಸತ್ಯ. ನನ್ನ ಸ್ವರದ ಎದುರು ಆ ಪೆಟ್ಟಿಗೆ ಯಾವ ಲೆಕ್ಕ?

ಒಂದು ದಿನ ಅಂಗಳದಿಂದಲೇ ಕೇಳಿದೆ: "ಮಾವ, ಇವರದ್ದೆಲ್ಲ ಎಂತ ಸ್ವರ? ಜ್ವರ ಬಂದವರ ಹಾಗೆ. ನನ್ನನ್ನು ಕರೆದರೆ ತಂತಿಯೇ ಬೇಡ, ಮಂಗಳೂರಿನಿಂದ ಸೀದಾ ಕೇಳ್ತದೆ."

ಮಾವ ಜಗಲಿಯ ತುಂಬ ಕೂತವರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ನಿನ್ನ ಸ್ವರಕ್ಕೆ ಗದ್ದೆಯ ಹಂದಿ ಓಡಬಹುದು. ಇದರೊಳಗೆ ಬರಲಿಕ್ಕೆ ಯೋಗ್ಯತೆ ಬೇಕು."

"ಬಂದರೆ?"

"ಬಂದರೆ ಈ ರೇಡಿಯೋ ನಿನಗೆ! ಎಲ್ಲರೂ ಕೇಳಿದಿರಲ್ಲ? ಇವನ ಸ್ವರ ಇದರಲ್ಲಿ ಬಂದ ದಿನ ಇವನೇ ಹೊತ್ತುಕೊಂಡು ಹೋಗಲಿ."

ಜಗಲಿ ಪೂರ ನಕ್ಕಿತು. ಅಷ್ಟರಲ್ಲಿ ವಾರ್ತೆ ಶುರುವಾಯಿತು. ಓದುವವರು "ನಮಸ್ಕಾರ" ಅಂದರು. ಮಾವ ಎದ್ದು ನಿಂತು ರೇಡಿಯೋಕ್ಕೆ ಕೈ ಮುಗಿದು "ನಮಸ್ಕಾರ" ಅಂದರು. ಸ್ವಂತ ಅಳಿಯ ದಿನಾ ಮಾಡುವ ನಮಸ್ಕಾರಕ್ಕೆ ಇಷ್ಟು ವರ್ಷದಲ್ಲಿ ತಲೆ ಅಲ್ಲಾಡಿಸದ ಜನ!

ನರಿಯ ಪ್ರಯಾಣ

ಅದೇ ಸಮಯಕ್ಕೆ ಮಾವನ ಮನೆಯಲ್ಲಿ ಕೋಳಿಗಳು ಕಡಿಮೆಯಾಗುತ್ತಿದ್ದವು. ನರಿ ಹಿಡಿಯುತ್ತದೆ ಎಂದು ಮಾವನ ತೀರ್ಮಾನ. ಹಟ್ಟಿಯ ಹಿಂದೆ ಬೋನು ಇಟ್ಟರು. ಅದರಲ್ಲಿ ಬಿದ್ದದ್ದು ನೆರೆಮನೆಯ ನಾಯಿ. ಆ ಮನೆಯವರ ಜೊತೆ ಮಾತು ನಿಂತಿತು, ಕೋಳಿ ಹೋಗುವುದು ನಿಲ್ಲಲಿಲ್ಲ.

ನನಗೆ ನರಿಯ ಪರಿಚಯ ಚೆನ್ನಾಗಿ ಉಂಟು. ಅದು ವಾರಕ್ಕೊಮ್ಮೆ ಸೀರೆಯ ಸೆರಗು ಬಿಗಿದು, ಬುಟ್ಟಿ ಹಿಡಿದು, ಟಿಕೆಟ್ ತೆಗೆದುಕೊಂಡು ನನ್ನ ಬಸ್ಸಿನಲ್ಲೇ ಕಟಪಾಡಿಗೆ ಮಾರಲಿಕ್ಕೆ ಹೋಗುತ್ತಿತ್ತು. ಬುಟ್ಟಿಯಲ್ಲಿ ಕೋಳಿ, ಕೋಳಿಯ ಮೇಲೆ ಬೈರಾಸಿನ ಬಟ್ಟೆ, ಅದರ ಮೇಲೆ ಒಂದು ಹಿಡಿ ಬಸಳೆ, ಯಾರಾದರೂ ನೋಡಿದರೆ ತರಕಾರಿ ಎನ್ನಲಿಕ್ಕೆ. ಆದರೆ ಕೋಳಿಗೆ ಊರು ನೋಡುವ ಆಸೆ. ಕಾಪು ದಾಟಿ ಹೆದ್ದಾರಿ ಹಿಡಿದೆವೋ ಇಲ್ಲವೋ, ಕಿಟಕಿಯಿಂದ ಕುತ್ತಿಗೆ ಹೊರಗೆ. ಎದುರಿನಿಂದ ಲಾರಿಗಳು. ನನಗೆ ಜವಾಬ್ದಾರಿ ಉಂಟಲ್ಲ? ಬಾಗಿಲಿನಿಂದಲೇ ಕೂಗುತ್ತಿದ್ದೆ, ಮೊದಲು ಡ್ರೈವರನಿಗೆ ಹೊರಡು ಎಂದು ತುಳುವಿನಲ್ಲಿ, ಕೂಡಲೇ ಅತ್ತೆಗೆ:

"ರೈಟ್, ಪೋಯಿ! ಅತ್ತೇ, ಕೋಳಿಯ ತಲೆ ಒಳಗೆ!"

ಬಸ್ಸಿಗೆ ಬಸ್ಸೇ ನಗುತ್ತಿತ್ತು. ವಾರ ವಾರ ಹೇಳಿ ಹೇಳಿ ನನ್ನ ಬಾಯಿಯಲ್ಲಿ ಅದು ಒಂದೇ ಉಸಿರಿನ ಮಾತಾಗಿತ್ತು. ಮೊದಲಿನದ್ದು ಬಂದರೆ ಎರಡನೆಯದು ತಾನೇ ಬರುತ್ತಿತ್ತು, ಅತ್ತೆ ಇರಲಿ, ಇಲ್ಲದಿರಲಿ.

ಕಟಪಾಡಿಯಲ್ಲಿ ಒಮ್ಮೆ ಇಳಿದವರೇ ಅತ್ತೆ ನನ್ನ ಖಾಕಿ ಅಂಗಿ ಹಿಡಿದರು. "ನಿನಗೆ ಮೆಲ್ಲ ಮಾತಾಡಲಿಕ್ಕೆ ಬರುವುದಿಲ್ಲವಾ? ನಿನ್ನ ಮಾವನಿಗೆ ಗೊತ್ತಾದರೆ ಎಂತ ಮಾಡುವುದು?"

"ನಾನು ಹೇಳ್ತೇನಾ ಅತ್ತೆ? ನನ್ನ ಬಾಯಿ ಅಂದರೆ ಬೀಗ."

"ಹೌದು ಹೌದು. ಆ ಬೀಗದ ಸದ್ದು ಉಡುಪಿಯವರೆಗೆ ಕೇಳ್ತದೆ!"

ತಾಲೀಮು ಮಾಡಿದ ಆಶುಹಾಸ್ಯ

ಕಾರ್ಕಳದಿಂದ ಮಣಿಪಾಲಕ್ಕೆ ದಿನಾ ಬರುವ ಒಬ್ಬರು ಪ್ರೊಫೆಸರು ಇದ್ದರು. ಇಸ್ತ್ರಿ ಅಂಗಿ, ಚರ್ಮದ ಚೀಲ, ಡ್ರೈವರನ ಹಿಂದಿನ ಸೀಟು. ಹಿರಿಯಡ್ಕ ಬರುವವರೆಗೆ ನಿದ್ದೆ, ಆಮೇಲೆ ಕಿಟಕಿಯ ಕಡೆ ಮುಖ. ಒಂದು ವಾರ ಮಾತ್ರ ಅವರು ಕಿಟಕಿಯ ಜೊತೆ ಮಾತಾಡಲಿಕ್ಕೆ ಶುರು ಮಾಡಿದರು. ಕೈ ಎತ್ತುವುದು, ಹುಬ್ಬು ಹಾರಿಸುವುದು, ನಿಲ್ಲಿಸುವುದು, ಮತ್ತೆ ಅದನ್ನೇ ಹೇಳುವುದು. ಇವರಿಗೂ ಮಣಿಪಾಲದ ಆಸ್ಪತ್ರೆಯ ಅಗತ್ಯ ಬಂತು ಎಂದು ನಾನು ಎಣಿಸಿದೆ.

ಟಿಕೆಟ್ ಕೊಡುವ ನೆವದಲ್ಲಿ ಹತ್ತಿರ ನಿಂತು ಕೇಳಿದೆ. ಮನೆಗೆ ನೆಂಟರು ಬಂದು ಹೋಗುವುದೇ ಇಲ್ಲವಂತೆ. ಕೊನೆಗೆ ಇವರು ತಮ್ಮದೇ ಚೀಲ ಹಿಡಿದು ಹೊರಟರಂತೆ. "ಎಲ್ಲಿಗೆ?" ಎಂದು ನೆಂಟರು ಕೇಳಿದರೆ, "ನಿಮ್ಮ ಮನೆಗೆ, ಅಲ್ಲಿ ಈಗ ಯಾರೂ ಇಲ್ಲವಲ್ಲ" ಎಂದರಂತೆ.

ತೀರ ಕೆಟ್ಟದ್ದಲ್ಲ. ನಾನು ನಕ್ಕೆ. ನಾನು ನಕ್ಕರೆ ಅರ್ಧ ನಗು ಇಲ್ಲ, ಪೂರ್ತಿ. ಹಿಂದಿನ ಸೀಟಿನ ಮಗು ಎದ್ದು ಅತ್ತಿತು. ಡ್ರೈವರ್ ಬ್ರೇಕ್ ಹಾಕಿದ.

ಪ್ರೊಫೆಸರರ ಮುಖ ಅರಳಿತು. "ನಗು ಬಂತಾ? ನಿಜವಾಗಿ?" ಎಂದು ಕೇಳಿ, ಚೀಲದಿಂದ ಒಂದು ಪಾಸು ತೆಗೆದರು. "ರೇಡಿಯೋದವರು ಮಣಿಪಾಲಕ್ಕೆ ಬರ್ತಾರೆ. ನಾವು ನಾಲ್ಕು ಜನ ವೇದಿಕೆಯಲ್ಲಿ ಕೂತು ಕೊಟ್ಟ ವಿಷಯಕ್ಕೆ ಆ ಕ್ಷಣಕ್ಕೇ ಹೊಳೆದ ಹಾಸ್ಯ ಹೇಳುವುದು. ಜನರ ಎದುರೇ ರೆಕಾರ್ಡಿಂಗ್. ನೀವು ಬಂದು ಹೀಗೆಯೇ ನಗಬೇಕು."

"ಜನ ನಕ್ಕದ್ದೂ ರೇಡಿಯೋದಲ್ಲಿ ಬರ್ತದಾ ಸರ್?"

"ಬರದೆ? ನಗುವೇ ಅದರ ಜೀವ."

ಸಾಕು. ಮಾವನ ರೇಡಿಯೋ ನನ್ನ ಹೆಗಲಿಗೆ ಬಂದು ಕೂತ ಹಾಗಾಯಿತು. ಪಾಸು ಎದೆಯ ಕಿಸೆಗೆ ಸೇರಿತು. ಮರುದಿನ ಪ್ರೊಫೆಸರು ಮತ್ತೆ ಕಿಟಕಿಗೆ ಅದನ್ನೇ ಹೇಳಿದರು, ಅದರ ಮರುದಿನವೂ ಹೇಳಿದರು. ಆ ಕ್ಷಣಕ್ಕೆ ಹೊಳೆದ ಹಾಸ್ಯ ಶನಿವಾರದ ಹೊತ್ತಿಗೆ ನಮ್ಮ ಡ್ರೈವರನಿಗೂ ಬಾಯಿಪಾಠ ಬಂದಿತ್ತು.

ನಗಲಿಕ್ಕೆ ಕಲಿಸಿದರು

ರಜೆ ಹಾಕಿ, ಹೊಸ ಅಂಗಿ ತೊಟ್ಟು, ಮಣಿಪಾಲದ ಕಾಲೇಜು ಹಾಲಿನ ಮುಂದಿನ ಸಾಲಿನಲ್ಲೇ ಕೂತೆ. ನನ್ನ ಪಕ್ಕದಲ್ಲಿ ಕಾಪುವಿನಲ್ಲಿ ಹಂಚಿನ ವ್ಯಾಪಾರ ಮಾಡುವ ಒಬ್ಬರು ಬ್ಯಾರಿ ಸಾಹೇಬರು, ನನ್ನ ಬಸ್ಸಿನ ಗಿರಾಕಿಯೇ. ಆಸ್ಪತ್ರೆಯಲ್ಲಿ ಮಲಗಿದ್ದ ಭಾವನನ್ನು ನೋಡಲಿಕ್ಕೆ ಬಂದವರು, ಒಳಗೆ ಬಿಡಲು ಇನ್ನೂ ಹೊತ್ತುಂಟೆಂದು ಇಲ್ಲಿ ಫ್ಯಾನಿನ ಅಡಿಗೆ ಬಂದು ಕೂತಿದ್ದರು. ಹಿಂದೆಲ್ಲ ಕಾಲೇಜು ಹುಡುಗರು. ಅರ್ಧಕ್ಕರ್ಧ ಉತ್ತರ ಭಾರತದ ಕಡೆಯವರು, "ಬನ್ನಿ" ಅಂದರೂ "ಹೋಗಿ" ಅಂದರೂ ಒಂದೇ ಅವರಿಗೆ.

ರೇಡಿಯೋದವರಲ್ಲಿ ಒಬ್ಬರು ಕುತ್ತಿಗೆಗೆ ಟವಲಿನ ಹಾಗೆ ವಯರು ಹಾಕಿಕೊಂಡು ಬಂದು ನಮಗೆ ಪಾಠ ಶುರು ಮಾಡಿದರು. "ನಾನು ಈ ಬೋರ್ಡು ಎತ್ತಿದಾಗ ನಗಬೇಕು. ಸೊಂಟದವರೆಗೆ ಎತ್ತಿದರೆ ಸಣ್ಣ ನಗು. ಎದೆಯವರೆಗೆ ಎತ್ತಿದರೆ ಮಧ್ಯಮ. ತಲೆಯ ಮೇಲೆ ಎತ್ತಿದರೆ ದೊಡ್ಡ ನಗು. ಇಳಿಸಿದ ಕೂಡಲೇ ನಿಲ್ಲಿಸಬೇಕು."

ಬೋರ್ಡಿನಲ್ಲಿ ಕನ್ನಡದಲ್ಲಿ "ನಗು" ಎಂದು ಬರೆದಿತ್ತು. ಹಿಂದಿನ ಹುಡುಗರು ಅದನ್ನು ಓದಲಾರದೆ ನಮ್ಮ ಬೆನ್ನು ನೋಡುತ್ತಿದ್ದರು. ನಮ್ಮ ಬೆನ್ನು ಅಲುಗಿದರೆ ಅವರು ನಗುವುದು.

ಸಾಹೇಬರು ನನ್ನ ಕಡೆ ಬಾಗಿದರು. "ಎಂತದು ಮಾರಾಯ? ಜೋಕು ಇನ್ನೂ ಬರಲಿಲ್ಲ, ನಗು ಅಳೀತಾರಲ್ಲ?"

"ರಿಹರ್ಸಲ್ ಸಾಹೇಬ್ರೇ."

ಬೋರ್ಡು ತಲೆಯ ಮೇಲೆ ಹೋಯಿತು. ನಾನು ನಕ್ಕೆ. ಬದಿಯ ಕೋಣೆಯಲ್ಲಿ ಮಿಷನ್ನಿನ ಎದುರು ಕೂತವನೊಬ್ಬ ಕಿವಿಗೆ ಹಾಕಿದ್ದನ್ನು ಕಿತ್ತು ಬಿಸಾಡಿ ಎದ್ದು ನಿಂತ. ಮುಳ್ಳು ಕೊನೆಗೆ ಬಡಿಯಿತಂತೆ. ಅವರ ಮಿಷನ್ನಿನಲ್ಲಿ ನನ್ನ ಅಳತೆಗೆ ಜಾಗ ಇಲ್ಲ. ಅದು ನನ್ನ ತಪ್ಪಾ? ಆದರೂ ನನ್ನನ್ನು ಎಬ್ಬಿಸಿ ನಡುವಿನ ಸಾಲಿಗೆ ಕಳಿಸಿದರು. ಸಾಹೇಬರೂ ನನ್ನ ಜೊತೆಗೇ ಎದ್ದು ಬಂದು ಕೂತರು. "ನಮ್ಮ ಭಾವನಿಗೂ ಅಲ್ಲಿ ಹೀಗೆಯೇ. ಬಾಯಿ ತೆರೆ ಅಂತಾರೆ, ಮುಚ್ಚು ಅಂತಾರೆ, ಕೊನೆಗೆ ಬೇರೆ ವಾರ್ಡಿಗೆ ಹಾಕ್ತಾರೆ."

ಜೋಕಿಗಿಂತ ಮೊದಲು

ವೇದಿಕೆಯಲ್ಲಿ ನಾಲ್ಕು ಜನ: ಒಬ್ಬರು ಡಾಕ್ಟರು, ಒಬ್ಬರು ವಕೀಲರು, ಒಬ್ಬರು ಬ್ಯಾಂಕ್ ಮ್ಯಾನೇಜರು, ನಮ್ಮ ಪ್ರೊಫೆಸರು. ನಡುವೆ ನಡೆಸಿಕೊಡುವವರು, ಅವರ ಎದುರು ಒಂದು ಹಿತ್ತಾಳೆ ಗಂಟೆ. ಅವರು ನಿಯಮ ಹೇಳಿದರು: "ಒಂದು ಸಲ ಬಾರಿಸಿದರೆ ಮಾತಾಡುತ್ತಿರುವವರು ನಿಲ್ಲಿಸಬೇಕು. ಎರಡು ಸಲ ಬಾರಿಸಿದರೆ ಮುಂದಿನವರು ಹೊರಡಬಹುದು."

ನನ್ನ ಕಾಲಿನಲ್ಲಿ ಏನೋ ಜುಂ ಅಂದಿತು. ಒಂದಕ್ಕೆ ನಿಲ್ಲುವುದು, ಎರಡಕ್ಕೆ ಹೊರಡುವುದು: ಇದು ನಮ್ಮ ಬಸ್ಸಿನ ಕಾನೂನು. ನಮ್ಮದನ್ನು ಕದ್ದು ರೇಡಿಯೋದಲ್ಲಿ ಹಾಕಿದ್ದಾರೆ. ಮೊದಲ ಸುತ್ತಿನಲ್ಲಿ ಗಂಟೆ ಎರಡು ಸಲ ಬಾರಿಸಿದಾಗೆಲ್ಲ ಕುರ್ಚಿಯ ಕೈ ಗಟ್ಟಿ ಹಿಡಿದು ಕೂತೆ.

ವಿಷಯ, ಮನೆಗೆ ಬಂದ ನೆಂಟರನ್ನು ಕಳಿಸುವುದು ಹೇಗೆ. ಡಾಕ್ಟರು ಸೂಜಿ ತೋರಿಸುತ್ತಾರಂತೆ. ವಕೀಲರು ನೋಟೀಸು ಕೊಡುತ್ತಾರಂತೆ. ಮ್ಯಾನೇಜರು ಸಾಲಕ್ಕೆ ಜಾಮೀನು ಹಾಕಿ ಎನ್ನುತ್ತಾರಂತೆ. ಇದನ್ನು ಕೇಳಲಿಕ್ಕೆ ಮಂಗಳೂರಿನಿಂದ ಒಂದು ವ್ಯಾನು ತುಂಬ ಜನ ಬರಬೇಕಾ? ನಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಇಂಥದ್ದು ಹೇಳಿದರೆ ಕಟಪಾಡಿಯಲ್ಲೇ ಇಳಿಸುತ್ತಾರೆ. ಆದರೆ ಬೋರ್ಡು ಎದ್ದಿತು, ಜನ ನಕ್ಕರು. ಬೋರ್ಡು ಇಳಿಯಿತು, ನಲ್ಲಿ ತಿರುಗಿಸಿದ ಹಾಗೆ ನಗು ನಿಂತಿತು.

ಪ್ರೊಫೆಸರರ ಸರದಿ ಬಂತು. ಅವರು ಕಣ್ಣು ಮುಚ್ಚಿ, ಹಣೆ ಒತ್ತಿ, ಈಗ ತಾನೇ ಏನೋ ಹೊಳೆದವರ ಹಾಗೆ ಮಾಡಿದರು. ಆ ನಟನೆ ನೋಡಿಯೇ ನನಗೆ ತಡೆಯಲಿಕ್ಕಾಗಲಿಲ್ಲ. "ಕೊನೆಗೆ ನಾನು ಒಂದು ಚೀಲ ಹಿಡಿದು..." ಅಂದರು. ಅಷ್ಟೇ. ಮುಂದಿನದ್ದು ನನಗೆ ಗೊತ್ತಲ್ಲ? ಮನಸ್ಸಿನಲ್ಲಿ ಜೋಕು ಮುಗಿದೇ ಹೋಯಿತು. ನಾನು ನಕ್ಕೆ, ಪೂರ್ತಿ ನಕ್ಕೆ. ನನ್ನ ಬೆನ್ನು ನೋಡಿ ಉತ್ತರದ ಹುಡುಗರೂ ನಕ್ಕರು. ವಯರಿನವರು ಗಾಬರಿಯಲ್ಲಿ ಬೋರ್ಡು ಎತ್ತಿದರು, ಉಳಿದವರೂ ನಕ್ಕರು. ಆ ಗದ್ದಲ ಇಳಿದಾಗ ಪ್ರೊಫೆಸರು ಸಣ್ಣ ಸ್ವರದಲ್ಲಿ "ನಿಮ್ಮ ಮನೆಗೆ, ಅಲ್ಲಿ ಈಗ ಯಾರೂ ಇಲ್ಲವಲ್ಲ" ಅಂದರು.

ಒಬ್ಬನೂ ನಗಲಿಲ್ಲ. ಸಾಹೇಬರು ಮಾತ್ರ ನಿಟ್ಟುಸಿರು ಬಿಟ್ಟರು: "ಪಾಪ, ಮನೆಯಲ್ಲಿ ಯಾರೂ ಇಲ್ಲವಂತೆ."

ಬಾಗಿಲು

ವಯರಿನವರು ಬಂದು ನನ್ನ ತೋಳು ಹಿಡಿದರು. ಇನ್ನು ಒಳಗೆ ಕುರ್ಚಿ ಇಲ್ಲ, ಬಾಗಿಲ ಬಳಿ ನಿಲ್ಲಬೇಕು, ಉಸಿರೂ ಬಿಡಬಾರದು ಎಂದು ಅಪ್ಪಣೆಯಾಯಿತು.

ಈಗ ಹೇಳಿ, ತಪ್ಪು ಯಾರದ್ದು? ಒಬ್ಬ ಕಂಡಕ್ಟರನನ್ನು ಯಾರಾದರೂ ಬಾಗಿಲಲ್ಲಿ ನಿಲ್ಲಿಸುತ್ತಾರಾ? ಎದುರಿಗೆ ಸಾಲು ಸಾಲಾಗಿ ಕೂತ ಜನ, ಬದಿಯಲ್ಲಿ ಕಿಟಕಿಗಳು, ಕೈಗೆ ಸಿಕ್ಕಿದ್ದು ಕಬ್ಬಿಣದ ಸರಳು. ಸರಳು ಹಿಡಿದೆ. ಒಂದು ಕಾಲು ಮೆಟ್ಟಿಲಿಗೆ ತಾನಾಗಿಯೇ ಇಳಿಯಿತು. ವೇದಿಕೆಯಲ್ಲಿ ವಕೀಲರ ಎರಡನೇ ಸುತ್ತಿನ ಮಾತು ಮುಗಿಯಿತು. ಗಂಟೆ ಬಾರಿಸಿತು: ಟಿಂಗ್, ಟಿಂಗ್.

"ರೈಟ್, ಪೋಯಿ!"

ಹಾಲಿನ ಗೋಡೆಗೆ ಬಡಿದು ಅದು ನನಗೇ ವಾಪಸು ಕೇಳಿತು. ಆಮೇಲೆ ಜನ ಬಿದ್ದು ನಕ್ಕರು. ಡಾಕ್ಟರು ಮೇಜಿಗೆ ತಲೆ ಇಟ್ಟರು. ಕೂತಲ್ಲೇ ಅಲ್ಲಾಡುತ್ತಿದ್ದ ಅಷ್ಟೂ ತಲೆಗಳು ನನ್ನ ಕಣ್ಣಿಗೆ ಓಡುವ ಬಸ್ಸಿನದ್ದೇ ತಲೆಗಳು. ನಗು ಇಳಿಯುತ್ತಾ ಬಂದ ಹಾಗೆ, ನನ್ನನ್ನು ಕೇಳದೆ, ಎರಡನೆಯದೂ ಹೊರಟಿತು:

"ಅತ್ತೇ, ಕೋಳಿಯ ತಲೆ ಒಳಗೆ!"

ಕನ್ನಡ ಬಾರದ ಹುಡುಗರೂ ಬೆಂಚು ಗುದ್ದಿದರು. ಸಾಹೇಬರು ಟೋಪಿ ತೆಗೆದು ಕಣ್ಣು ಒರಸಿಕೊಂಡರು. ವಯರಿನವರು ಬೋರ್ಡು ಕೆಳಗೆ ಹಾಕಿ ಓಡಿ ಬಂದರು. "ಮತ್ತೆ ನೀವೇನಾ? ಮೊದಲು ಹೊರಗೆ ಹೋಗಿ!"

"ಹೋಗ್ತೇನೆ," ಅಂದೆ. "ನಿಲ್ಲಿಸಲಿಕ್ಕೆ ಒಂದು ಗಂಟೆ ಕೊಡಿ. ಓಡುವ ಬಸ್ಸಿನಿಂದ ನಾನು ಇಳಿಯುವುದಿಲ್ಲ."

ನಡೆಸಿಕೊಡುವವರು ಟಿಂಗ್ ಎಂದು ಒಂದೇ ಸಲ ಬಾರಿಸಿದರು. ಮರ್ಯಾದೆಯಲ್ಲಿ ಇಳಿದೆ.

ಭಾನುವಾರ

ಸೋಮವಾರ ಬಸ್ಸಿನಲ್ಲಿ ಪ್ರೊಫೆಸರು ನನ್ನ ಮುಖ ನೋಡದೆ ಹೇಳಿದರು: "ನಿಮ್ಮದನ್ನೆಲ್ಲ ಕತ್ತರಿಸ್ತಾರಂತೆ. ನಗುವನ್ನೂ." ಹೇಳಿ ಬಹಳ ಸುಖಪಟ್ಟರು.

ಆದರೆ ಅಷ್ಟರಲ್ಲಿ ನಾನು ಊರಿಗೆಲ್ಲ ಸಾರಿ ಆಗಿತ್ತು. ಪ್ರಸಾರದ ಭಾನುವಾರ ಬೆಳಿಗ್ಗೆ ಮಾವನ ಜಗಲಿ ತುಂಬಿ ಅಂಗಳಕ್ಕೆ ಹರಿದಿತ್ತು. ನಾಯಿಯ ವಿಷಯದಲ್ಲಿ ಮಾತು ಬಿಟ್ಟಿದ್ದ ನೆರೆಮನೆಯವರೂ ಬಂದು ನಿಂತಿದ್ದರು. ನಾನು ರೇಡಿಯೋ ಹೊರಲಿಕ್ಕೆ ಒಂದು ಗೋಣಿಚೀಲ ತಂದಿದ್ದೆ. ಮಾವ ಗುಂಡಿ ಬಿಚ್ಚಿದರು, ಗವಸು ಮಡಚಿ ಅತ್ತೆಗೆ ಕೊಟ್ಟರು. ಅತ್ತೆ ಅದನ್ನು ತೊಡೆಯ ಮೇಲೆ ಇಟ್ಟು ಬಾಗಿಲ ಬಳಿ ಕೂತರು. ನಾನು ಹಾಲಿನಲ್ಲಿ ಕೂಗಿದ ಎರಡನೆಯ ಮಾತು ಅತ್ತೆಗೆ ಗೊತ್ತಿರಲಿಲ್ಲ. ಕತ್ತರಿಸುವುದಿದ್ದರೆ ಅದೊಂದನ್ನು ಕತ್ತರಿಸಲಿ, ಮೊದಲಿನದ್ದು ಇರಲಿ ಎಂದು ನಾನು ಎಲ್ಲೂರಿನ ದೇವರಿಗೆ ಎಳನೀರಿನ ಹರಕೆ ಹೇಳಿಕೊಂಡಿದ್ದೆ.

ಡಾಕ್ಟರು ಬಂದರು. ವಕೀಲರು ಬಂದರು. ಪ್ರೊಫೆಸರರ ಜೋಕು ಬಂತು, ಅದರ ಮೊದಲು ನನ್ನ ನಗು ಇಲ್ಲ. ಕತ್ತರಿಸಿದ್ದರು. ಜೋಕಿನ ಹಿಂದೆ ಎಲ್ಲಿಂದಲೋ ತಂದ ಬೇರೆ ನಗು ಅಂಟಿಸಿದ್ದರು.

"ಎಲ್ಲಿ ಮಾರಾಯ ನಿನ್ನ ಸ್ವರ?" ಎಂದರು ಮಾವ. ಜಗಲಿಯಲ್ಲಿ ಕೆಲವರು ಕೆಮ್ಮಿದರು.

ಅಷ್ಟರಲ್ಲಿ ಟಿಂಗ್, ಟಿಂಗ್.

"ರೈಟ್, ಪೋಯಿ!"

ಪೆಟ್ಟಿಗೆ ನಡುಗಿತು. ಇಡೀ ಟೇಪಿನಲ್ಲಿ ಬೋರ್ಡು ಎತ್ತದೆ ಬಂದ ನಗು ಅದೊಂದೇ. ಅದನ್ನೂ ಕತ್ತರಿಸಿದರೆ ಅವರಿಗೆ ಉಳಿಯುವುದು ಎಂತ? ರೇಡಿಯೋದೊಳಗೆ ಜನ ನಗುತ್ತಲೇ ಇದ್ದರು. ನಾನು ಗೋಣಿಚೀಲ ಬಿಡಿಸಿದೆ.

"ನಿಲ್ಲು," ಎಂದರು ಮಾವ. "ಇದು ನೀನೇ ಎಂದು ಎಂತ ಗುರುತು? ರೈಟ್ ಪೋಯಿ ಅಂತ ಹೇಳದ ಕಂಡಕ್ಟರ್ ಈ ಜಿಲ್ಲೆಯಲ್ಲಿ ಉಂಟಾ? ನಾಳೆ ಎಲ್ಲರೂ ಒಂದೊಂದು ಗೋಣಿ ಹಿಡಿದು ಬಂದರೆ ನಾನು ಎಷ್ಟು ರೇಡಿಯೋ ಕೊಡಲಿ?"

ಎಂಥ ಮೋಸ ನೋಡಿ! ನಾನು ಬಾಯಿ ತೆರೆಯುವುದರೊಳಗೆ ರೇಡಿಯೋವೇ ಬಾಯಿ ತೆರೆಯಿತು:

"ಅತ್ತೇ, ಕೋಳಿಯ ತಲೆ ಒಳಗೆ!"

ಮಾವ ಮೆಲ್ಲ ತಿರುಗಿ ಅತ್ತೆಯನ್ನು ನೋಡಿದರು. "ಸ್ವರ ಇವನದ್ದೇ, ಒಪ್ಪಿದೆ. ಆದರೆ ಯಾವ ಕೋಳಿ?"

"ನಮ್ಮ ನಾಯಿಗೆ ಉತ್ತರ ಸಿಕ್ಕಿತು," ಎಂದರು ನೆರೆಮನೆಯವರು.

ಅತ್ತೆ ಎದ್ದು ನಿಂತರು. ಹೆದರುತ್ತಾರೆ ಎಂದು ನಾನು ಎಣಿಸಿದ್ದೆ. "ನಿಮ್ಮದೇ ಕೋಳಿ! ಈ ಪೆಟ್ಟಿಗೆಗೆ ತಿಂಗಳು ತಿಂಗಳು ಹೊಸ ಸೆಲ್ಲು ಎಲ್ಲಿಂದ ಬರ್ತದೆ ಎಂದು ಒಂದು ದಿನ ಕೇಳಿದ್ದೀರಾ? ನೀವು ಎದ್ದು ನಿಂತು ನಮಸ್ಕಾರ ಮಾಡುವುದು ವಾರ್ತೆಯವರಿಗಲ್ಲ, ನನ್ನ ಕೋಳಿಗಳಿಗೆ!"

ಮಾವ ಕೂತರು. ರೇಡಿಯೋದಲ್ಲಿ ಇನ್ನೂ ಯಾರೋ ನಗುತ್ತಿದ್ದರು.

"ಆದರೂ ಮಾತು ಮಾತೇ ಅಲ್ವಾ ಅತ್ತೆ," ಅಂದೆ ನಾನು. "ಎಲ್ಲರೆದುರು ಕೊಡ್ತೇನೆ ಎಂದಿದ್ದಾರೆ ಮಾವ."

"ಕೊಡಲಿಕ್ಕೆ ಅದು ಅವರದ್ದಾ? ಅದರ ಹೊಟ್ಟೆಗೆ ಹಾಕಿದವಳು ನಾನು. ಅದು ಈ ಮನೆ ಬಿಟ್ಟು ಕದಲುವುದಿಲ್ಲ." ಅತ್ತೆ ತಮ್ಮ ಕೈಯಲ್ಲಿದ್ದದ್ದನ್ನು ನನ್ನ ಎದೆಗೆ ಬಿಸಾಡಿದರು. "ತಗೋ. ಇದು ಮಾತ್ರ ನಾನು ಹೊಲಿದದ್ದು, ನಾನೇ ಕೊಡ್ತೇನೆ. ಗುಂಡಿಯೂ ಉಂಟು. ಬಾಯಿಗೆ ಹಾಕಿಕೋ."

ಹೀಗೆ ಇಡೀ ಜಿಲ್ಲೆ ಕೇಳುವ ಹಾಗೆ ರೇಡಿಯೋದಲ್ಲಿ ಬಂದದ್ದಕ್ಕೆ ನನಗೆ ಕೊಟ್ಟದ್ದು ಒಂದು ಗವಸು. ನೀಲಿ ಬಟ್ಟೆ, ಎರಡು ಗಿಳಿ.